ಕವಿ ಕ್ರೆತ್ಯಾಂ ದ ತ್ರ್ವಾ

ಆರ್ಥರ್ ದೊರೆಯ ದುಂಡುಮೇಜಿನ ವೀರರನ್ನು ಟೆನಿಸನ್ ಕವಿಯ ಮೂಲಕ ನಮ್ಮಲ್ಲಿ ಹಲವರು ಬಲ್ಲರು. ಲಾನ್ಸೆಲಾಟನನ್ನು ರಾಣಿಯ ಪ್ರಿಯನನ್ನಾಗಿ ಮೊದಲು ಚಿತ್ರಿಸಿದವನು ಮಾತ್ರ ಇಂಗ್ಲಿಷಿನವನಲ್ಲ, ಫ್ರೆಂಚ್ ಕವಿ ಕ್ರೆತ್ಯಾಂ. ಸುಮಾರು 1160ರಿಂದ 1190ರವರೆಗೆ ಬರೆದವನು. ಷಾಂಪೇನ್ ಪ್ರಾಂತದ ತ್ರ್ವಾ ನಗರ ಅವನ ಹೆಸರಿಗೆ ಅಂಟಿಕೊಂಡಿದೆ.

ಆಗ ವಿದ್ವಾಂಸರ ಭಾಷೆ ಲ್ಯಾಟಿನ್. ಜನರಾಡುವ ಮಾತಿಗೆ ರೊಮಾನ್ಸ್ ಎಂದು ಹೆಸರು. ಆ ಮಾತಿನಲ್ಲಿ ಬರೆದ ಕಥೆಗೂ ಕ್ರಮೇಣ ಅದೇ ಹೆಸರಾಯಿತು. ಕ್ರೆತ್ಯಾಂ ಮೊದಲು ಓವಿಡನನ್ನು ಫ್ರೆಂಚಿಗೆ ತಂದನು. ಬಳಿಕ ಆರ್ಥರನ ಕಡೆಗೆ ತಿರುಗಿದನು. ಸುಮಾರು 1136ರಲ್ಲಿ ಜೆಫ್ರಿ ಲ್ಯಾಟಿನ್ನಿನಲ್ಲಿಯೂ 1155ರಲ್ಲಿ ವಾಸ್ ಫ್ರೆಂಚಿನಲ್ಲಿಯೂ ಆ ಕಥೆಯನ್ನು ಇತಿಹಾಸವೆಂಬಂತೆ ಬರೆದಿದ್ದರು. ಅಲ್ಲಿ ದೊರೆಯ ದಂಡಯಾತ್ರೆಯೇ ದೊಡ್ಡದು. ಕ್ರೆತ್ಯಾಂ ದೊರೆಯನ್ನು ಅರಮನೆಯಲ್ಲಿ ಕೂರಿಸಿ ವೀರನೊಬ್ಬನನ್ನೇ ಕಾಡಿಗೆ ಕಳಿಸಿದನು. ಎರೆಕ್ ಹೆಂಡತಿಯ ಮೋಹದಲ್ಲಿ ಶೌರ್ಯ ಮರೆಯುತ್ತಾನೆ. ಇವೇನ್ ಶೌರ್ಯದ ಗೀಳಿನಲ್ಲಿ ಹೆಂಡತಿ ಕೊಟ್ಟ ಒಂದು ವರ್ಷದ ಗಡುವನ್ನೇ ಮರೆತು, ಹುಚ್ಚನಾಗಿ ಅಲೆಯುತ್ತಾನೆ. ಕಾಳಗ ಹೊರಗಿಂತ ಒಳಗೇ ಹೆಚ್ಚು.

ಲಾನ್ಸೆಲಾಟನ ಕಥೆ ಬರೆಸಿದವಳು ಏಳನೆಯ ಲೂಯಿ ದೊರೆಯ ಮಗಳು, ಷಾಂಪೇನಿನ ಕೌಂಟೆಸ್ ಮಾರಿ. ವಸ್ತುವೂ ತಾತ್ಪರ್ಯವೂ ಅವಳದೆಂದು ಕವಿ ಪೀಠಿಕೆಯಲ್ಲಿ ಹೇಳಿದ್ದಾನೆ. ಅದನ್ನು ಕೊನೆಗಾಣಿಸಿದವನು ಗೊಡೆಫ್ರ್ವಾ ಎಂಬ ಬೇರೊಬ್ಬ. ಆ ವಸ್ತು ಕವಿಗೆ ಒಗ್ಗಲಿಲ್ಲವೆಂದೇ ನನಗೆ ತೋರುತ್ತದೆ.

ನನಗೆ ಪ್ರಿಯವಾದದ್ದು ಇವೇನನ ಕಥೆಯ ಒಂದು ಭಾಗ. ಅವನು ಒಂದು ಕೋಟೆಯನ್ನು ಹೊಗುತ್ತಾನೆ. ಅಲ್ಲಿ ಸೆರೆಸಿಕ್ಕ 300 ಹುಡುಗಿಯರು ಚಿನ್ನದೆಳೆ, ರೇಷ್ಮೆಗಳಲ್ಲಿ ನೇಯ್ಗೆ ಮಾಡುತ್ತಿದ್ದಾರೆ. ಮೈಮೇಲೆ ಹರಕು ಬಟ್ಟೆ, ಹಸಿವಿನಿಂದ ಬತ್ತಿದ ಮುಖ. ಅವರ ದುಡಿಮೆಯ ಒಂದು ಲೀವ್ರಿನಲ್ಲಿ, ಎಂದರೆ 240 ದಿನಿಯೆಗಳಲ್ಲಿ, ಅವರ ಕೈಸೇರುವುದು 4. ಉಳಿದದ್ದರಿಂದ ಒಡೆಯ ಕೊಬ್ಬುತ್ತಾನೆ. ಸಾಹುಕಾರನಿಗೆ ಸೀರೆ ಒಪ್ಪಿಸಿ ಅಪ್ಪ ಕೂಲಿ ಎಣಿಸುವುದನ್ನು ನೋಡಿ ಬೆಳೆದವನು ನಾನು; ಈ ಲೆಕ್ಕವನ್ನು ಎರಡು ಸಲ ಓದಿದೆನು. ಷಾಂಪೇನಿನ ಸಂತೆಗಳು ಬಟ್ಟೆಯ ವ್ಯಾಪಾರಕ್ಕೆ ಯೂರೋಪಿಗೆಲ್ಲ ಹೆಸರಾಗಿದ್ದವು. ಅರಮನೆಗಾಗಿ ಬರೆದ ಕವಿಗೆ ಮಗ್ಗದ ಮನೆಯ ಹಸಿವೂ ಕಂಡಿತ್ತು. ಇವೇನ್ ಇಬ್ಬರು ರಾಕ್ಷಸರನ್ನು ಗೆದ್ದು ಆ ಹುಡುಗಿಯರನ್ನು ಬಿಡಿಸುತ್ತಾನೆ.

ಕೊನೆಯ ಕಾವ್ಯ ಪರ್ಸಿವಾಲನದು. ಫ್ಲಾಂಡರ್ಸಿನ ಕೌಂಟ್ ಫಿಲಿಪನಿಗೆ ಅರ್ಪಿತವಾದದ್ದು. ವಿಧವೆಯಾದ ತಾಯಿಯ ಮಡಿಲಲ್ಲಿ ಕಾಡಿನಲ್ಲಿ ಬೆಳೆದ ಹುಡುಗ, ಗಾಯಗೊಂಡ ದೊರೆಯ ಮನೆಯಲ್ಲಿ ಗ್ರೇಲ್ ಎಂಬ ಹೊಳೆಯುವ ಪಾತ್ರೆ ಹಾದುಹೋಗುವುದನ್ನು ಕಾಣುತ್ತಾನೆ. ಹೆಚ್ಚು ಮಾತಾಡಬಾರದೆಂದು ಗುರು ಕಲಿಸಿದ್ದನಾಗಿ ಅದು ಯಾರಿಗೆಂದು ಕೇಳುವುದಿಲ್ಲ. ಕೇಳಿದ್ದರೆ ದೊರೆ ಗುಣವಾಗುತ್ತಿದ್ದನು. ಸುಮಾರು 9,000 ಸಾಲುಗಳಿಗೆ ಕಾವ್ಯ ನಡುವೆಯೇ ನಿಂತಿದೆ. ಫಿಲಿಪನು ಧರ್ಮಯುದ್ಧಕ್ಕೆ ಹೋಗಿ 1191ರಲ್ಲಿ ಏಕರ್ ನಗರದ ಬಳಿ ತೀರಿಕೊಂಡನು. ಕಥೆಯನ್ನು ಬೇರೆ ಕವಿಗಳು ಮುಂದುವರಿಸಿದರು.