ರೌದ್ರದಿಂದ ವೀರಕ್ಕೆ: ಬ್ರೂಸ್ ಲೀಯ ಬಾಳು

ಕಾಳಗದ ಚಲಚ್ಚಿತ್ರವೆಂದರೆ ಮೂಗು ಮುರಿಯುವ ವಿದ್ವಾಂಸರು ನಮ್ಮಲ್ಲಿ ಕಡಮೆಯಿಲ್ಲ. ರನ್ನನ ಗದಾಯುದ್ಧವನ್ನು ತರಗತಿಯಲ್ಲಿ ವ್ಯಾಖ್ಯಾನಿಸುತ್ತ ರೋಮಾಂಚನಗೊಳ್ಳುವ ಅಧ್ಯಾಪಕನೇ, ಇಬ್ಬರು ನಟರು ಬೆಳ್ಳಿತೆರೆಯ ಮೇಲೆ ಎದುರುಬದುರಾಗಿ ನಿಂತೊಡನೆ ಅದನ್ನು ಹುಡುಗಾಟವೆಂದು ತಳ್ಳಿಹಾಕುವುದನ್ನು ನಾನು ಕಂಡಿದ್ದೇನೆ. ಕಾಳಗವು ಕಾವ್ಯದಲ್ಲಿ ಬಂದರೆ ರಸ, ತೆರೆಯ ಮೇಲೆ ಬಂದರೆ ರಂಪ ಎಂಬ ಈ ತಾರತಮ್ಯ ನ್ಯಾಯವೆ? ಕುಂಗ್ ಫೂ ಚಿತ್ರಗಳಲ್ಲಿ ನಿಸ್ಸಾರವಾದುವು ಬಹಳ ಉಂಟು, ನಿಜ. ಆದರೆ ಅವುಗಳ ನಡುವೆ ಒಬ್ಬ ನಟನ ನಾಲ್ಕು ಚಿತ್ರಗಳು ಐವತ್ತು ವರ್ಷ ಕಳೆದರೂ ಮಾಸದೆ ಉಳಿದಿವೆ. ಆ ನಟ ಬ್ರೂಸ್ ಲೀ. ನನ್ನ ವಿದ್ಯಾರ್ಥಿಗಳು ಅವನನ್ನು ಬಲ್ಲರು. ಅವರ ತಂದೆಯಂದಿರೂ ಬಲ್ಲರು.

ಅವನ ಆಕರ್ಷಣೆಯ ಮೂಲವನ್ನು ಅರಸುವಾಗ ನನಗೆ ನೆರವಾದುದು ನಮ್ಮ ಆಲಂಕಾರಿಕರೇ. ಅವರು ರೌದ್ರಕ್ಕೆ ಕ್ರೋಧವನ್ನೂ ವೀರಕ್ಕೆ ಉತ್ಸಾಹವನ್ನೂ ಸ್ಥಾಯಿಭಾವಗಳೆಂದು ಬೇರ್ಪಡಿಸಿ ಹೇಳಿದರು. ಹೊರಗಣ್ಣಿಗೆ ಎರಡೂ ಹೊಡೆದಾಟವೇ. ಒಳಗಿನ ಉರಿ ಮಾತ್ರ ಬೇರೆ. ಕ್ರೋಧ ಎದುರಾಳಿಯ ನಾಶವನ್ನು ಬಯಸುತ್ತದೆ. ಉತ್ಸಾಹ ತನ್ನ ಶಕ್ತಿಯ ಪರಿಪೂರ್ಣತೆಯನ್ನು ಬಯಸುತ್ತದೆ. ಬ್ರೂಸ್ ಲೀಯ ಅಲ್ಪಾಯುಸ್ಸಿನ ಕಥೆಯೆಲ್ಲ ಮೊದಲನೆಯದರಿಂದ ಎರಡನೆಯದಕ್ಕೆ ನಡೆದ ಪಯಣವೆಂದು ನನಗೆ ತೋರುತ್ತದೆ.

ಅವನು ಹುಟ್ಟಿದ್ದು 1940ರ ನವೆಂಬರ್ 27ರಂದು, ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದ ಚೀನೀಯರ ಕೇರಿಯಲ್ಲಿ. ತಂದೆ ಲೀ ಹೋಯ್-ಚುಯೆನ್ ಹಾಂಗ್‌ಕಾಂಗಿನ ಕ್ಯಾಂಟನೀಸ್ ಗೀತನಾಟಕದ ನಟ, ಹಾಸ್ಯಪಾತ್ರಗಳಿಗೆ ಹೆಸರಾದವನು. ನಾಟಕ ತಂಡದೊಡನೆ ಅಮೆರಿಕದ ಪ್ರವಾಸದಲ್ಲಿದ್ದಾಗ ಈ ಮಗ ಹುಟ್ಟಿದನು. ತಾಯಿ ಗ್ರೇಸ್ ಹೋ ಚೀನೀ ಮತ್ತು ಯೂರೋಪಿಯನ್ ರಕ್ತಗಳೆರಡೂ ಬೆರೆತ ಮನೆತನದವಳು. ಚೀನೀ ರಂಗಭೂಮಿಯಲ್ಲಿ ಹಾಡು, ಮಾತು, ಅಭಿನಯಗಳಂತೆ ಕಾಳಗವೂ ನಟನು ಕಲಿಯಲೇಬೇಕಾದ ನಾಲ್ಕನೆಯ ವಿದ್ಯೆ. ಕುಂಗ್ ಫೂ ಚಿತ್ರಗಳ ಬೇರು ಇರುವುದು ಅಲ್ಲಿಯೇ. ತೆರೆಯ ಮೇಲಿನ ಕಾಳಗವನ್ನು ಮೊದಮೊದಲು ಹೊಂದಿಸಿಕೊಟ್ಟವರಲ್ಲಿ ಅನೇಕರು ಈ ರಂಗಶಾಲೆಗಳಿಂದ ಬಂದವರು. ಆದುದರಿಂದ ಅದು ಆರಂಭದಿಂದಲೂ ನೃತ್ಯದ ಒಡಹುಟ್ಟು.

ಮಗು ಕೈಕೂಸಾಗಿರುವಾಗಲೇ ಸಾನ್‌ಫ್ರಾನ್ಸಿಸ್ಕೋದಲ್ಲಿ ತಯಾರಾದ ಒಂದು ಚಿತ್ರದಲ್ಲಿ ಕಾಣಿಸಿಕೊಂಡಿತು. 1941ರಲ್ಲಿ ಸಂಸಾರ ಹಾಂಗ್‌ಕಾಂಗಿಗೆ ಮರಳಿತು. ಆ ವರ್ಷದ ಕೊನೆಯಲ್ಲಿ ಜಪಾನೀಯರು ನಗರವನ್ನು ವಶಪಡಿಸಿಕೊಂಡರು. 1945ರವರೆಗಿನ ಆ ಆಕ್ರಮಣ ಕಾಲದಲ್ಲಿ ಅವನ ಶೈಶವ ಕಳೆಯಿತು. ಮುಂದೆ ಬಾಲನಟನಾಗಿ ಸುಮಾರು ಇಪ್ಪತ್ತು ಚಿತ್ರಗಳಲ್ಲಿ ಅಭಿನಯಿಸಿದನು. ಆ ಪಾತ್ರಗಳಲ್ಲಿ ಹಲವು ಅನಾಥ, ತುಂಟ, ಬೀದಿಯ ಹುಡುಗನವು. ಪುಟ್ಟ ಡ್ರ್ಯಾಗನ್ ಎಂಬ ಅರ್ಥದ ‘ಲೀ ಸಿಯು-ಲುಂಗ್’ ಎಂಬ ಹೆಸರು ಅವನಿಗೆ ಅಂಟಿದ್ದು ಆಗಲೇ. ತೆರೆಯಾಚೆಗೂ ಅವನು ಜಗಳಗಂಟನೇ ಆಗಿದ್ದನು. ಹದಿಮೂರರ ಪ್ರಾಯದಲ್ಲಿ ಇಪ್ ಮನ್ ಎಂಬ ಗುರುವಿನಲ್ಲಿ ವಿಂಗ್ ಚುನ್ ಪದ್ಧತಿಯ ಶಿಕ್ಷಣಕ್ಕೆ ಸೇರಿದನು. ಎದುರಾಳಿಗೆ ಅತಿ ಸಮೀಪ ನಿಂತು, ಅತಿ ಕಿರಿದಾದ ದಾರಿಯಲ್ಲಿ ಮುಷ್ಟಿಯನ್ನು ಚಲಿಸುವುದು ಈ ಪದ್ಧತಿಯ ಲಕ್ಷಣ. ಇದೇ ತರುಣ 1958ರಲ್ಲಿ ಹಾಂಗ್‌ಕಾಂಗಿನ ಚಾ-ಚಾ ನೃತ್ಯಸ್ಪರ್ಧೆಯಲ್ಲಿ ಗೆದ್ದನು. ಅದೇ ವರ್ಷ ಶಾಲೆಗಳ ನಡುವಣ ಮುಷ್ಟಿಯುದ್ಧದಲ್ಲಿಯೂ ಗೆದ್ದನು. ಲಯ ಮತ್ತು ಮುಷ್ಟಿ ಒಂದೇ ದೇಹದಲ್ಲಿ ಮನೆಮಾಡಿದುವು. ಅವನ ಕಾಳಗವನ್ನು ನೋಡುವವರು ಈ ಸಂಗತಿಯನ್ನು ಮರೆಯಬಾರದು.

ಬೀದಿಯ ಜಗಳಗಳಿಗೆ ಹೆದರಿದ ತಂದೆತಾಯಿಗಳು 1959ರಲ್ಲಿ ಅವನನ್ನು ಅಮೆರಿಕಕ್ಕೆ ಕಳುಹಿಸಿದರು. ಸಿಯಾಟಲ್ ನಗರದ ಒಂದು ಚೀನೀ ಭೋಜನಶಾಲೆಯಲ್ಲಿ ದುಡಿಯುತ್ತ ಓದು ಮುಗಿಸಿ, 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ನಾಟಕವನ್ನೂ ತತ್ತ್ವಶಾಸ್ತ್ರವನ್ನೂ ಅಭ್ಯಾಸಮಾಡಿದನು. ಜೊತೆಗೆ ಕುಂಗ್ ಫೂ ಕಲಿಸಲು ತೊಡಗಿದನು. ಯಾವ ಜನಾಂಗದವರು ಬಂದರೂ ಅವನ ಶಾಲೆಯ ಬಾಗಿಲು ತೆರೆದಿತ್ತು. 1964ರಲ್ಲಿ ಲಿಂಡಾ ಎಮರಿಯನ್ನು ಮದುವೆಯಾಗಿ ಓಕ್‌ಲ್ಯಾಂಡಿನಲ್ಲಿ ನೆಲೆಸಿದನು. ಅಲ್ಲಿಯೇ ಆ ದಿನಗಳಲ್ಲಿ ವಾಂಗ್ ಜಾಕ್-ಮನ್ ಎಂಬ ಇನ್ನೊಬ್ಬ ಚೀನೀ ಮಲ್ಲನೊಡನೆ ಮುಚ್ಚಿದ ಬಾಗಿಲ ಹಿಂದೆ ಒಂದು ಕಾಳಗ ನಡೆಯಿತು. ಅದರ ಕಾರಣವನ್ನೂ ಫಲವನ್ನೂ ಇಬ್ಬರ ಕಡೆಯವರು ಬೇರೆಬೇರೆಯಾಗಿ ಹೇಳುತ್ತಾರೆ. ಆದರೆ ಲೀಗೆ ತನ್ನ ಬಗ್ಗೆಯೇ ಅತೃಪ್ತಿ ಹುಟ್ಟಿತು. ತಾನು ಕಲಿತ ಪದ್ಧತಿ ಸಾಲದು, ದೇಹದ ಕಸುವೂ ಸಾಲದು ಎಂದು ಅವನಿಗೆ ಹೊಳೆಯಿತು. ಅಂದಿನಿಂದ ಓಟ, ಭಾರ ಎತ್ತುವಿಕೆ, ಪಾಶ್ಚಾತ್ಯ ಮುಷ್ಟಿಯುದ್ಧ, ಕತ್ತಿವರಸೆ ಎಲ್ಲವನ್ನೂ ಶೋಧಿಸಿದನು. 1967ರ ವೇಳೆಗೆ ತನ್ನ ಹೊಸ ಮಾರ್ಗಕ್ಕೆ ಜೀತ್ ಕುನೆ ದೋ ಎಂದು ಹೆಸರಿಟ್ಟನು. ಬೇಡವಾದುದನ್ನು ಕಳಚುತ್ತ ಹೋಗುವುದೇ ಆ ಮಾರ್ಗದ ತಿರುಳು. ಕುಂಗ್ ಫೂ ಎಂಬ ಮಾತಿಗೆ ಶ್ರಮದಿಂದಲೂ ಕಾಲದಿಂದಲೂ ಗಳಿಸಿದ ಪರಿಣತಿ ಎಂದೇ ಮೂಲಾರ್ಥ. ಆ ಅರ್ಥದಲ್ಲಿ ಅವನು ನಿಜವಾದ ಸಾಧಕನಾದದ್ದು ಈ ವರ್ಷಗಳಲ್ಲಿ.

ಸಾಧನೆಗೆ ತಕ್ಕ ಮನ್ನಣೆ ದೊರೆಯಿತೆ? 1966ರಲ್ಲಿ ‘ದಿ ಗ್ರೀನ್ ಹಾರ್ನೆಟ್’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ಅವನಿಗೆ ಕೇಟೋ ಎಂಬ ಪಾತ್ರ ಸಿಕ್ಕಿತು. ಅದು ನಾಯಕನ ಸೇವಕನ ಪಾತ್ರ: ಕಾರು ನಡೆಸಬೇಕು, ಹೊಡೆದಾಡಬೇಕು, ಮಾತು ಕೆಲವೇ. 26 ಕಂತುಗಳಲ್ಲಿ ಅದು ಮುಗಿಯಿತು. ಅನಂತರ ಚಿಲ್ಲರೆ ಪಾತ್ರಗಳು, ಶ್ರೀಮಂತ ನಟರಿಗೆ ಪಾಠ. 1970ರಲ್ಲಿ ವ್ಯಾಯಾಮದ ವೇಳೆ ಬೆನ್ನಿನ ನರಕ್ಕೆ ಪೆಟ್ಟಾಯಿತು. ಇನ್ನು ಕಾಲೆತ್ತಿ ಒದೆಯಲಾರೆ ಎಂದು ವೈದ್ಯರು ಹೇಳಿದರು. ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಅವನು ಓದಿದನು, ಪುಟಗಟ್ಟಲೆ ಟಿಪ್ಪಣಿ ಬರೆದನು. 1971ರಲ್ಲಿ, ತನ್ನ ಶಿಷ್ಯರಾಗಿದ್ದ ನಟ ಜೇಮ್ಸ್ ಕೋಬರ್ನ್ ಮತ್ತು ಲೇಖಕ ಸ್ಟರ್ಲಿಂಗ್ ಸಿಲಿಫೆಂಟ್ ಅವರೊಡನೆ ನಮ್ಮ ಭಾರತಕ್ಕೂ ಬಂದಿದ್ದನು. ಮೂವರೂ ಕೂಡಿ ಯೋಜಿಸಿದ ‘ದಿ ಸೈಲೆಂಟ್ ಫ್ಲೂಟ್’ ಎಂಬ ಚಿತ್ರಕ್ಕೆ ತಕ್ಕ ಸ್ಥಳಗಳನ್ನು ಹುಡುಕುವುದು ಉದ್ದೇಶ. ವಾರ್ನರ್ ಸಂಸ್ಥೆಯ ಹಣ ಇಲ್ಲಿ ರೂಪಾಯಿಗಳಲ್ಲಿ ಸಿಕ್ಕಿಕೊಂಡಿದ್ದುದರಿಂದ ಚಿತ್ರೀಕರಣ ಇಲ್ಲಿಯೇ ಆಗಬೇಕಿತ್ತು. ಸ್ಥಳ ಒಪ್ಪಿಗೆಯಾಗದೆ ಯೋಜನೆ ಬಿದ್ದುಹೋಯಿತು. ಕುಂಗ್ ಫೂ ಬಲ್ಲ ನಾಯಕನನ್ನು ಕುರಿತ ಒಂದು ದೂರದರ್ಶನ ಧಾರಾವಾಹಿ ಸಿದ್ಧವಾದಾಗಲೂ ಆ ಪಾತ್ರ ಅವನ ಕೈತಪ್ಪಿ, ಡೇವಿಡ್ ಕ್ಯಾರಡೀನ್ ಎಂಬ ಬಿಳಿಯ ನಟನಿಗೆ ಹೋಯಿತು. ವಿದ್ಯೆ ಇತ್ತು, ರೂಪವಿತ್ತು; ಮುಖದ ಜಾತಿ ಅಡ್ಡವಾಯಿತು.

ಹೀಗೆ ಅವಮಾನವನ್ನು ನುಂಗಿಕೊಂಡೇ ಅವನು ಹಾಂಗ್‌ಕಾಂಗಿನತ್ತ ಮುಖಮಾಡಿದನು. ರೇಮಂಡ್ ಚೌ ಹೊಸದಾಗಿ ಕಟ್ಟಿದ ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆಗೆ ಥಾಯ್ಲೆಂಡಿನಲ್ಲಿ ತೆಗೆದ ‘ದಿ ಬಿಗ್ ಬಾಸ್’ 1971ರ ಅಕ್ಟೋಬರಿನಲ್ಲಿ ತೆರೆಕಂಡಿತು. ಅದರ ಕಾಳಗ ನಿರ್ದೇಶಕ ಹಾನ್ ಯಿಂಗ್-ಚಿಯೆ ಪೀಕಿಂಗ್ ಗೀತನಾಟಕದ ಶಾಲೆಯವನು; ಪುಟಿಯುವ ಹಾಸಿನ ನೆರವಿನಿಂದ ನಟರನ್ನು ಗಾಳಿಯಲ್ಲಿ ಹಾರಿಸುವುದು ಅವನ ಕೈವಾಡ. ಲೀಗೆ ನೆಲದ ಮೇಲಿನ ನಿಜದ ಪೆಟ್ಟು ಬೇಕು. ಎರಡು ರೀತಿಗಳೂ ಆ ಚಿತ್ರದಲ್ಲಿ ಬೆರೆತಿವೆ. ನಾಯಕನು ಹೊಡೆದಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟವನು. ಅದರ ಗುರುತಾಗಿ ಕೊರಳಲ್ಲಿ ಹಸುರು ಕಲ್ಲಿನ ಪದಕವುಂಟು. ಚಿತ್ರದ ಬಹುಭಾಗ ಅವನು ಅನ್ಯಾಯವನ್ನು ನೋಡುತ್ತಾನೆ, ಮುಷ್ಟಿ ಬಿಗಿಯುತ್ತಾನೆ, ತಡೆದುಕೊಳ್ಳುತ್ತಾನೆ. ಆ ಪದಕ ಕಿತ್ತುಬಿದ್ದಾಗ ಮೊದಲ ಒದೆ ಬೀಳುತ್ತದೆ. ರನ್ನನೂ ಗದೆಗಳು ತಾಗುವ ಮುನ್ನ ಭಾರತದ ಕಥೆಯನ್ನೆಲ್ಲ ಹಿಂತಿರುಗಿ ನೋಡಿಸುತ್ತಾನೆ. ಪೆಟ್ಟಿಗೆ ತೂಕ ಬರುವುದು ಕಾಯುವಿಕೆಯಿಂದ.

1972ರ ‘ಫಿಸ್ಟ್ ಆಫ್ ಫ್ಯೂರಿ’ ರೌದ್ರದ ಶಿಖರ. ಶಾಂಘೈಯಲ್ಲಿ ಗುರುವನ್ನು ಕಳೆದುಕೊಂಡ ಶಿಷ್ಯ, ಚೀನೀಯರನ್ನು ಏಷ್ಯದ ರೋಗಿಗಳೆಂದು ಹೀಯಾಳಿಸಿ ಕಳುಹಿಸಿದ ಫಲಕವನ್ನು ಜಪಾನೀಯರ ವ್ಯಾಯಾಮಶಾಲೆಗೆ ಹಿಂದಿರುಗಿಸುತ್ತಾನೆ. ಅಲ್ಲಿದ್ದವರೆಲ್ಲರನ್ನೂ ಒಬ್ಬನೇ ಕೆಡವುತ್ತಾನೆ. ಚೀನೀಯರಿಗೂ ನಾಯಿಗಳಿಗೂ ಪ್ರವೇಶವಿಲ್ಲವೆಂದು ಸಾರುವ ಉದ್ಯಾನದ ಹಲಗೆಯನ್ನು ಹಾರಿ ಒದ್ದು ಚೂರುಮಾಡುತ್ತಾನೆ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗಿನ ಜನ ಚಿತ್ರಮಂದಿರದಲ್ಲಿ ಹುಯ್ಯಲಿಟ್ಟದ್ದು ಅಚ್ಚರಿಯೆ? ಆದರೆ ಕೊನೆಯಲ್ಲಿ ನಾಯಕನು ಬಂದೂಕುಗಳ ಸಾಲಿನತ್ತ ನೆಗೆಯುತ್ತಾನೆ. ಚಿತ್ರ ಅಲ್ಲಿಯೇ ನಿಶ್ಚಲವಾಗುತ್ತದೆ. ಕ್ರೋಧಕ್ಕೆ ಬೆಲೆ ತೆರಬೇಕೆಂಬುದನ್ನು ಆ ಚಿತ್ರ ಮರೆಮಾಚುವುದಿಲ್ಲ.

ಅದೇ ವರ್ಷದ ‘ವೇ ಆಫ್ ದಿ ಡ್ರ್ಯಾಗನ್’ ಚಿತ್ರದ ಕಥೆ, ನಿರ್ದೇಶನ, ಕಾಳಗ ಸಂಯೋಜನೆ ಮೂರೂ ಅವನವೇ. ರೋಮಿನ ಕೊಲೊಸಿಯಮ್ಮಿನಲ್ಲಿ ಚಕ್ ನಾರಿಸ್‌ನೊಡನೆ ನಡೆಯುವ ಕಾಳಗವನ್ನು ನಾನು ಹಲವು ಸಲ, ಒಂದು ಪದ್ಯವನ್ನು ಬಿಡಿಸುವಂತೆ, ನೋಡಿದ್ದೇನೆ. ಮೊದಲು ಇಬ್ಬರೂ ಮೌನವಾಗಿ ಅಂಗಾಂಗಗಳನ್ನು ಸಡಿಲಿಸಿಕೊಳ್ಳುತ್ತಾರೆ. ಸಾಕ್ಷಿಯಾಗಿ ಒಂದು ಬೆಕ್ಕಿನ ಮರಿ. ಅಡಿಯಿಂದ ಮುಡಿಯವರೆಗೆ ಇಡೀ ದೇಹ ಕಾಣುವಂತೆ ಕ್ಯಾಮೆರಾ ದೂರ ನಿಲ್ಲುತ್ತದೆ. ತುಂಡು ತುಂಡು ದೃಶ್ಯಗಳನ್ನು ಜೋಡಿಸಿ ಕಣ್ಣು ಕಟ್ಟುವ ಉಪಾಯಕ್ಕೆ ಅಲ್ಲಿ ಎಡೆ ಕಡಮೆ. ಆರಂಭದಲ್ಲಿ ಲೀಯೇ ಸೋಲುತ್ತಾನೆ, ನೆಲಕ್ಕೆ ಬೀಳುತ್ತಾನೆ. ಆಗ ತನ್ನ ರೀತಿಯನ್ನು ಬದಲಾಯಿಸುತ್ತಾನೆ. ಹೆಜ್ಜೆಗಳು ಕುಣಿತವಾಗುತ್ತವೆ, ಲಯ ಮುರಿಯುತ್ತದೆ, ಎದುರಾಳಿಯ ಏಟು ಗಾಳಿಗೆ ಬೀಳುತ್ತದೆ. ಓಕ್‌ಲ್ಯಾಂಡಿನಲ್ಲಿ ಕಲಿತ ಪಾಠ ಇಲ್ಲಿ ದೃಶ್ಯವಾಯಿತು. ಕೈಕಾಲು ಮುರಿದ ಎದುರಾಳಿ ಮತ್ತೆ ಏಳುತ್ತಾನೆ. ಬೇಡವೆಂದು ಲೀ ತಲೆಯಾಡಿಸುತ್ತಾನೆ. ಕೊಂದ ಮೇಲೆ ಅವನ ಅಂಗಿಯನ್ನೂ ಕಪ್ಪು ಪಟ್ಟಿಯನ್ನೂ ತಂದು ಶವದ ಮೇಲೆ ಹೊದಿಸಿ ಬಾಗುತ್ತಾನೆ. ಇಲ್ಲಿ ಕ್ರೋಧ ಇಂಗಿದೆ, ಉತ್ಸಾಹ ಉಳಿದಿದೆ. ಇದು ವೀರ. ಸಂಭಾಷಣೆ ಒಂದೂ ಬೇಡ. ಆ ಕಾಲದ ಹಾಂಗ್‌ಕಾಂಗ್ ಚಿತ್ರಗಳನ್ನು ಧ್ವನಿಯಿಲ್ಲದೆ ತೆಗೆದು ಮಾತುಗಳನ್ನು ಆಮೇಲೆ ಸೇರಿಸುತ್ತಿದ್ದರು. ದೇಹವೇ ಅರ್ಥವನ್ನು ಹೊರಬೇಕಾಗಿದ್ದುದರಿಂದ ಅವು ಯಾವ ಭಾಷೆಯ ನಾಡಿಗಾದರೂ ಸಲೀಸಾಗಿ ನಡೆದುಹೋದುವು.

ಹಾಂಗ್‌ಕಾಂಗಿನಲ್ಲಿ ಒಂದೊಂದು ಚಿತ್ರವೂ ಹಿಂದಿನದರ ಗಳಿಕೆಯನ್ನು ಮೀರಿಸಿತು. ಕಡೆಗೆ ಹಾಲಿವುಡ್ಡೇ ಅವನಲ್ಲಿಗೆ ಬಂದಿತು. ರಾಬರ್ಟ್ ಕ್ಲೌಸ್ ನಿರ್ದೇಶಿಸಿದ ‘ಎಂಟರ್ ದಿ ಡ್ರ್ಯಾಗನ್’ 1973ರ ಮೊದಲ ತಿಂಗಳುಗಳಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾಯಿತು. ಅದರ ಕನ್ನಡಿಗಳ ಕೋಣೆಯಲ್ಲಿ ನಾಯಕನು ಬಿಂಬಗಳನ್ನು ಒಡೆದು ನಿಜವಾದ ಶತ್ರುವನ್ನು ಗುರುತಿಸುತ್ತಾನೆ. ಆ ಚಿತ್ರದ ಧ್ವನಿಮುದ್ರಣದ ವೇಳೆ, ಮೇ 10ರಂದು, ಅವನು ಕುಸಿದುಬಿದ್ದನು. ಜುಲೈ 20ರಂದು ತಲೆನೋವಿಗೆ ಒಂದು ಮಾತ್ರೆ ನುಂಗಿ ಮಲಗಿದವನು ಏಳಲಿಲ್ಲ. ಮೆದುಳು ಊದಿಕೊಂಡಿತ್ತು. ವಯಸ್ಸು 32. ವಿಚಾರಣೆ ಅದನ್ನು ಆಕಸ್ಮಿಕ ಮರಣವೆಂದು ತೀರ್ಮಾನಿಸಿತು. ವದಂತಿಗಳಿಗೆ ಮಾತ್ರ ಕೊನೆಯಿಲ್ಲ. ಅಮೆರಿಕದಲ್ಲಿ ಚಿತ್ರ ತೆರೆಕಂಡದ್ದು ಮರುತಿಂಗಳು. ಯಾವ ನಾಡು ಅವನನ್ನು ಸೇವಕನ ಪಾತ್ರದಲ್ಲಿ ಇಟ್ಟಿತ್ತೋ ಆ ನಾಡು ನಾಯಕನೆಂದು ಕೊಂಡಾಡಿದುದನ್ನು ಅವನು ಕಾಣಲಿಲ್ಲ. ಅವನ ಸಮಾಧಿ ಸಿಯಾಟಲಿನಲ್ಲಿದೆ. 1993ರಲ್ಲಿ ಚಿತ್ರೀಕರಣದ ಅವಘಡದಲ್ಲಿ ಮಡಿದ ಮಗ ಬ್ರಾಂಡನ್ ಪಕ್ಕದಲ್ಲಿ ಮಲಗಿದ್ದಾನೆ.

ಅವನ ಕೈಕೆಳಗೆ ಏಟು ತಿಂದು ಕಲಿತ ಸಾಮೊ ಹಂಗ್, ಜಾಕಿ ಚಾನ್ ಮುಂತಾದವರು ಮುಂದೆ ಈ ಕಲೆಯನ್ನು ಹಾಸ್ಯದತ್ತ ತಿರುಗಿಸಿದರು. ಆ ಕಥೆ ಬೇರೆ. ನಾನು ಹೇಳಬೇಕಾದ ಇನ್ನೊಂದು ಸಂಗತಿ ಬೋಸ್ನಿಯದ ಮೋಸ್ಟಾರ್ ಪಟ್ಟಣದ್ದು. 1990ರ ದಶಕದ ಯುದ್ಧದಲ್ಲಿ ಅಲ್ಲಿಯ ಕ್ರೋವಟರೂ ಬೋಸ್ನಿಯಾಕರೂ ಬೀದಿ ಬೀದಿಯಲ್ಲಿ ಕಾದಾಡಿ, ಊರನ್ನೇ ಎರಡಾಗಿ ಸೀಳಿಕೊಂಡಿದ್ದರು. ಎಲ್ಲರೂ ಒಪ್ಪುವ ಒಬ್ಬ ವೀರನ ವಿಗ್ರಹ ಬೇಕೆಂದು ಅಲ್ಲಿಯ ತರುಣರು ಹುಡುಕಿದಾಗ, ಒಂದು ಪಂಗಡದ ವೀರ ಇನ್ನೊಂದಕ್ಕೆ ಕೊಲೆಗಡುಕನಾಗಿ ಕಂಡನು. ಕೊನೆಗೆ ಆರಿಸಿದ್ದು ಬ್ರೂಸ್ ಲೀಯನ್ನು. 2005ರ ನವೆಂಬರಿನಲ್ಲಿ ಅವನ ಕಂಚಿನ ವಿಗ್ರಹ ಅಲ್ಲಿ ಅನಾವರಣಗೊಂಡಿತು. ಕೊಲ್ಲುವ ಕ್ರೋಧವನ್ನು ಕಣ್ಣಾರೆ ಕಂಡಿದ್ದ ಆ ಊರಿನವರಿಗೆ ರೌದ್ರಕ್ಕೂ ವೀರಕ್ಕೂ ಇರುವ ಅಂತರವನ್ನು ಯಾವ ಲಕ್ಷಣಗ್ರಂಥವೂ ಕಲಿಸಬೇಕಾಗಿರಲಿಲ್ಲ.