ಮಿದುಳಿನ ಅಲೆ ಹಿಡಿದ ಬರ್ಗರ್

ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು, ಅಂದರೆ ಇಇಜಿಯನ್ನು, ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್ (1873–1941). ಯೇನಾ ನಗರದಲ್ಲಿ 1924ರಲ್ಲೇ ಅಲೆ ಕಂಡರೂ ಅವರು ಅದನ್ನು ಪ್ರಕಟಿಸಿದ್ದು 1929ರಲ್ಲಿ. ಅದು ಹೃದಯದ್ದೋ, ಸ್ನಾಯುವಿನದ್ದೋ ಎಂದು ಐದು ವರ್ಷ ಪರೀಕ್ಷಿಸಿದರು. ಸ್ವಂತ ಮಗನ ತಲೆಗೂ ತಂತಿ ಜೋಡಿಸಿದರು. ಆದರೂ ಹಲವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಅಲೆಯನ್ನು ತೋರಿಸಿದ ಮೇಲೆ ವಿಜ್ಞಾನಿಗಳು ಒಪ್ಪಿದರು.

ಇಂಥ ಇಇಜಿ ಅಂಕಿಗಳ ಕಡತಗಳನ್ನು ನಾನೀಗ ಲಿನಕ್ಸ್ ಟರ್ಮಿನಲ್‌ನಲ್ಲಿ ಓದಲು ಕಲಿಯುತ್ತಿದ್ದೇನೆ. ‘ಸಿಪಿ’ ಆದೇಶದಿಂದ ಮೂಲ ಕಡತದ ಪ್ರತಿ ತೆಗೆದು, ‘ಹೆಡ್’ನಿಂದ ಮೊದಲ ಸಾಲುಗಳನ್ನು ನೋಡಿ, ‘ಡಬ್ಲ್ಯೂಸಿ’ಯಿಂದ ಸಾಲು ಎಣಿಸುತ್ತೇನೆ. ಕಣ್ಣು ಮಿಟುಕಿಸಿದರೂ ಇಇಜಿಯಲ್ಲಿ ಅಲೆ ಏಳುತ್ತದೆ, ಅದು ಮಿದುಳಿನದಲ್ಲ. ಕಂಪ್ಯೂಟರ್ ಕ್ಷಣದಲ್ಲಿ ಎಣಿಸಿಕೊಡುತ್ತದೆ. ಆದರೆ ಬರ್ಗರ್ ಅವರಂತೆ ಸಂಶಯಪಟ್ಟು ಪರೀಕ್ಷಿಸುವ ಕೆಲಸ ನಮ್ಮದೇ, ಗೆಳೆಯರೇ.