ಕಪ್ಪೆಗೆ ಊರಿನ ಹೆಸರಿಟ್ಟ ಪ್ರೊ. ಸಿ. ಆರ್. ನಾರಾಯಣ ರಾವ್

ಮಕ್ಕಳೇ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆಗಾಲದ ರಾತ್ರಿ ಕಪ್ಪೆಗಳ ಕೂಗು ಕೇಳದವರುಂಟೇ? ಅದರಲ್ಲಿ ಎಷ್ಟು ಬಗೆಯ ಕೂಗುಗಳಿವೆಯೆಂದು ಎಂದಾದರೂ ಎಣಿಸಿದ್ದೀರಾ? ನಮ್ಮ ನಾಡಿನ ಕಪ್ಪೆಗಳನ್ನು ಬಗೆಬಗೆಯಾಗಿ ಗುರುತಿಸಿ ಹೆಸರಿಟ್ಟ ಹಿರಿಯರೊಬ್ಬರ ಕಥೆ ಇಲ್ಲಿದೆ.

ಸಿ. ಆರ್. ನಾರಾಯಣ ರಾವ್ ಅವರು 1882ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದರು. ಬಳ್ಳಾರಿಯಲ್ಲಿ ಓದಿ, ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಕಲಿತರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ವಿಜ್ಞಾನ ಪತ್ರಿಕೆಯ ಮೊದಲ ಸಂಪಾದಕರೂ ಅವರೇ.

ಪಶ್ಚಿಮಘಟ್ಟದ ಕಪ್ಪೆಗಳನ್ನು ಅವರು ಸೂಕ್ಷ್ಮವಾಗಿ ಪರೀಕ್ಷಿಸಿದರು. 1937ರಲ್ಲಿ ಹಲವು ಹೊಸ ಪ್ರಭೇದಗಳನ್ನು ವಿವರಿಸಿದರು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದಲ್ಲಿ ದೊರೆತ ಪುಟ್ಟ ಕಪ್ಪೆಗೆ ಆ ಊರಿನ ಹೆಸರನ್ನೇ ಇಟ್ಟರು. ಅದು ಕುಣಿಯುವ ಕಪ್ಪೆ! ಭೋರ್ಗರೆಯುವ ಹಳ್ಳದಲ್ಲಿ ಕೂಗು ಮಾತ್ರ ಸಾಲದು. ಆದ್ದರಿಂದ ಗಂಡು ಕಪ್ಪೆ ಬಂಡೆಯ ಮೇಲೆ ಕುಳಿತು ಹಿಂಗಾಲು ಚಾಚಿ ಬೀಸುತ್ತದೆ.

ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಮಾದರಿಯನ್ನು ಕಾಪಾಡಿಡುತ್ತಾರೆ. ಮುಂದೆ ಅನುಮಾನ ಬಂದರೆ ಹೋಲಿಸಿ ನೋಡಲು ಅದು ಬೇಕು. ರಾವ್ ಅವರು 1960ರಲ್ಲಿ ತೀರಿಕೊಂಡರು. ಅವರು ಸಂಗ್ರಹಿಸಿದ್ದ ಮಾದರಿಗಳು ಕಳೆದುಹೋದವು. ಈಗೇನು ಮಾಡುವುದು? ಸಂಶೋಧಕರು ಮತ್ತೆ ಕಾಡಿನ ಹಳ್ಳಗಳಿಗೇ ಹೋಗಿ ಹುಡುಕಬೇಕಾಯಿತು. ಸೀಸೆಯ ಕಪ್ಪೆ ಹೋದರೂ ಹಳ್ಳದಲ್ಲಿ ಕಪ್ಪೆ ಉಳಿದಿತ್ತು. ಹಳ್ಳವೂ ಹೋಗಿದ್ದರೆ?

ಈ ಪ್ರಶ್ನೆ ನಿಮ್ಮ ಊರಿಗೂ ಸೇರಿದ್ದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಅಲ್ಲಿನ ಮರಗಳ ಬೇರುಗಳು ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದಿರುತ್ತವೆ. ಈ ಕಾಡಿನ ಹಳ್ಳದಿಂದ 2014ರಲ್ಲಿ ಇರುಳುಗಪ್ಪೆಯ ಹೊಸ ಪ್ರಭೇದವೊಂದನ್ನು ವಿಜ್ಞಾನಿಗಳು ವಿವರಿಸಿದರು. ಇದರ ಗಂಡು, ನೀರಿನ ಮೇಲೆ ಚಾಚಿದ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ಮೆತ್ತುತ್ತದೆ. ಅದಕ್ಕೇ ಇದರ ಹೆಸರು ಕುಂಬಾರ ಕಪ್ಪೆ. ಇದೇ ಇರುಳುಗಪ್ಪೆ ಬಳಗದ ಕೆಲವನ್ನು ರಾವ್ ಅವರೂ ಹೆಸರಿಸಿದ್ದರು.

ಕುಂಬಾರ ಕಪ್ಪೆಗೆ ಹರಿಯುವ ತಿಳಿನೀರು, ಮರದ ನೆರಳು, ಕೆಸರು ಮೂರೂ ಬೇಕು. ಜಡ್ಡಿಯ ನೀರನ್ನು ತಿರುಗಿಸಿದರೆ, ಮರ ಕಡಿದು ತೋಟ ಮಾಡಿದರೆ ಅದು ಎಲ್ಲಿಗೆ ಹೋಗಬೇಕು?

2010ರಲ್ಲಿ ವಿಜ್ಞಾನಿಗಳು ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವ್ ಅವರ ನೆನಪಿಗಾಗಿ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟರು. ಕಪ್ಪೆಗಳಿಗೆ ಹೆಸರಿಟ್ಟವರ ಹೆಸರು ಕಪ್ಪೆಗಳಿಗೇ ಬಂತು!

ಮಾಡಿ ನೋಡಿ: ಈ ಮಳೆಗಾಲದಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಹತ್ತು ನಿಮಿಷ ಕಪ್ಪೆಗಳ ಕೂಗು ಕೇಳಿ. ಎಷ್ಟು ಬಗೆಯ ಕೂಗು ಕೇಳಿಸಿತು? ಊರು, ದಿನಾಂಕ, ಸಮಯ ಬರೆದಿಡಿ. ಕಪ್ಪೆಯನ್ನು ಹಿಡಿಯಬೇಡಿ. ಮುಂದಿನ ವರ್ಷವೂ ಅಷ್ಟೇ ಕೂಗು ಕೇಳಿಸುವುದೇ, ಹೋಲಿಸಿ ನೋಡಿ.